ವಿದೇಶಕ್ಕೆ ಹೋಗುವಾಗ ಸಿಮ್ ತೆಗೆದಿಡಬೇಕೆ? ‘ಅನ್‌ಲಾಕ್’ ಫೋನ್ ಇದ್ದರೆ ಸಾಕೆ?

ಮನೆಯಲ್ಲಿ ಯಾರಾದರೂ ವಿದೇಶಕ್ಕೆ ಹೊರಟಿದ್ದಾರೆ ಎಂದರೆ ಸಾಕು, ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳು ಸಾಲುಗಟ್ಟುತ್ತವೆ. ‘ವಿಮಾನ ಹತ್ತುವ ಮುಂಚೆ ಸಿಮ್ ತೆಗೆದಿಡಿ, ಇಲ್ಲದಿದ್ದರೆ ಸಾವಿರಾರು ರೂಪಾಯಿ ಬಿಲ್ ಬರುತ್ತೆ.’ ‘ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ, ಫೋನ್ ಅನ್‌ಲಾಕ್ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ.’ ‘ಬೇರೆ ಸಿಮ್ ಹಾಕಿದರೆ ವಾಟ್ಸಾಪ್ ಪೂರ್ತಿ ಅಳಿಸಿಹೋಗುತ್ತೆ.’ ‘ಅನ್‌ಲಾಕ್ ಫೋನ್ ಒಂದಿದ್ದರೆ ಯಾವ ದೇಶದಲ್ಲಿ ಬೇಕಾದರೂ ನಡೆಯುತ್ತೆ.’

ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ಸತ್ಯ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮ, ಕೆಲಸಕ್ಕೆಂದು ಕೊಲ್ಲಿ ದೇಶಗಳಿಗೆ ಹೋಗುವ ಕರಾವಳಿಯ ಹುಡುಗರು, ಹಜ್ ಅಥವಾ ಉಮ್ರಾಗೆ ಹೊರಟವರು, ಹತ್ತು ದಿನದ ಯುರೋಪ್ ಪ್ರವಾಸಕ್ಕೆ ಬುಕ್ ಮಾಡಿದವರು, ಹೀಗೆ ಎಲ್ಲರೂ ಇದೇ ಫಾರ್ವರ್ಡ್‌ಗಳನ್ನು ನಂಬಿ ಹೊರಡುತ್ತಾರೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ಮೊದಲು ಚಿಕ್ಕ ಉತ್ತರ

ಭಾರತದಲ್ಲಿ ಅಂಗಡಿಯಿಂದ ಕೊಂಡ ಸ್ಮಾರ್ಟ್‌ಫೋನ್ ಬಹುಮಟ್ಟಿಗೆ ಅನ್‌ಲಾಕ್ ಆಗಿಯೇ ಇರುತ್ತದೆ. ಆದ್ದರಿಂದ ಇಲ್ಲಿಂದ ಹೊರಡುವವರಿಗೆ ಲಾಕ್ ದೊಡ್ಡ ಸಮಸ್ಯೆಯಲ್ಲ. ದೊಡ್ಡ ಸಮಸ್ಯೆ ನಿಮ್ಮ ಭಾರತದ ನಂಬರ್. ಬ್ಯಾಂಕಿನ ಓಟಿಪಿ, ಯುಪಿಐ, ಆಧಾರ್, ವಾಟ್ಸಾಪ್ ಎಲ್ಲಕ್ಕೂ ಬೀಗದ ಕೈ ಅದೇ. ಆ ಸಿಮ್ಮನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ಮರೆತರೆ ನಂಬರೇ ಕೈತಪ್ಪಬಹುದು. ಹಾಗಾಗಿ ಸಿಮ್ ಬದಲಿಸಬೇಡಿ, ಇನ್ನೊಂದನ್ನು ಸೇರಿಸಿಕೊಳ್ಳಿ. ಭಾರತದ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ಮಾತ್ರ ಬಂದ್ ಆಗಿರಲಿ. ಅಲ್ಲಿನ ಇಂಟರ್ನೆಟ್‌ಗೆ ಎರಡನೇ ಸಿಮ್ ಅಥವಾ ಇಸಿಮ್ ಬಳಸಿ.

ಹೀಗೇಕೆ ಎಂದು ತಿಳಿಯಲು ಸಿಮ್ ಮತ್ತು ಲಾಕ್ ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು.

ಸಿಮ್ ಮಾಡುವ ಕೆಲಸವೇನು?

ಮೊದಲ ಸಿಮ್ ಕಾರ್ಡ್‌ಗಳು ಬಂದದ್ದು 1991ರಲ್ಲಿ. ಜರ್ಮನಿಯ ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಅವನ್ನು ಫಿನ್ಲೆಂಡಿನ ರೇಡಿಯೋಲಿನ್ಯ ಎಂಬ ಮೊಬೈಲ್ ಕಂಪನಿಗೆ ಮಾಡಿಕೊಟ್ಟಿತ್ತು. ಆಗ ಅದು ಎಟಿಎಂ ಕಾರ್ಡಿನಷ್ಟು ದೊಡ್ಡದು. ಇಂದಿನ ನ್ಯಾನೋ ಸಿಮ್ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಗಾತ್ರ ಬದಲಾದರೂ ಕೆಲಸ ಬದಲಾಗಿಲ್ಲ.

ಸಿಮ್‌ನೊಳಗೆ ಮುಖ್ಯವಾಗಿ ಎರಡು ವಿಷಯಗಳಿರುತ್ತವೆ. ಒಂದು, ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ. ಇದರ ಮೊದಲ ಮೂರು ಅಂಕಿಗಳು ದೇಶವನ್ನು ಹೇಳುತ್ತವೆ. ಭಾರತದ ಸಿಮ್ ಆದರೆ 404 ಅಥವಾ 405ರಿಂದ ಶುರುವಾಗುತ್ತದೆ, ಅದರ ನಂತರದ ಅಂಕಿಗಳು ಕಂಪನಿಯನ್ನು ಹೇಳುತ್ತವೆ. ಇನ್ನೊಂದು, ಒಂದು ಗುಟ್ಟಿನ ಕೀ. ನೆಟ್‌ವರ್ಕ್ ಸಿಮ್‌ಗೆ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಸಿಮ್ ಆ ಕೀ ಬಳಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಉತ್ತರ ಸರಿಯಾದರೆ ಸಿಗ್ನಲ್ ಸಿಗುತ್ತದೆ. ಕೀ ಮಾತ್ರ ಸಿಮ್ ಬಿಟ್ಟು ಹೊರಗೆ ಬರುವುದೇ ಇಲ್ಲ.

ನಿಮ್ಮ ಹತ್ತಂಕಿಯ ಫೋನ್ ನಂಬರ್ ಕಂಪನಿಯ ಕಂಪ್ಯೂಟರಿನಲ್ಲಿ ಆ ಗುರುತಿಗೆ ಜೋಡಿಸಲ್ಪಟ್ಟಿರುತ್ತದೆ. ಸಿಮ್ ಕಳೆದರೂ ಹೊಸ ಸಿಮ್‌ನಲ್ಲಿ ಹಳೆಯ ನಂಬರೇ ಸಿಗುವುದು ಇದರಿಂದಲೇ. ಮೋಸಗಾರರು ನಿಮ್ಮ ನಂಬರನ್ನು ತಮ್ಮ ಸಿಮ್‌ಗೆ ಹಾರಿಸಿಕೊಳ್ಳಲು ಸಾಧ್ಯವಾಗುವುದೂ ಇದರಿಂದಲೇ. ಆ ವಿಷಯಕ್ಕೆ ಮುಂದೆ ಬರೋಣ.

ಇಸಿಮ್ ಎಂದರೆ ಬೇರೇನೂ ಅಲ್ಲ, ಇದೇ ಚಿಪ್ಪನ್ನು ಫೋನಿನೊಳಗೇ ಕೂರಿಸಿರುತ್ತಾರೆ. ಕಾರ್ಡ್ ಹಾಕುವ ಬದಲು ಕ್ಯೂಆರ್ ಕೋಡ್ ಅಥವಾ ಆ್ಯಪ್ ಮೂಲಕ ವಿವರಗಳನ್ನು ಇಳಿಸಿಕೊಳ್ಳುತ್ತೇವೆ.

ಲಾಕ್‌ಗಳು ಮೂರು, ಗೊಂದಲ ಒಂದೇ

‘ಲಾಕ್’ ಎಂಬ ಒಂದೇ ಮಾತಿನಿಂದ ಮೂರು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ.

ಮೊದಲನೆಯದು ಸ್ಕ್ರೀನ್ ಲಾಕ್. ಅಂದರೆ ನಿಮ್ಮ ಪಿನ್, ಪ್ಯಾಟರ್ನ್, ಬೆರಳಚ್ಚು. ಇದಕ್ಕೂ ವಿದೇಶ ಪ್ರಯಾಣಕ್ಕೂ ಸಂಬಂಧವಿಲ್ಲ.

ಎರಡನೆಯದು ಕಂತಿನ ಲಾಕ್. ಸಾಲದ ಮೇಲೆ ಫೋನ್ ಕೊಂಡಾಗ ಕೆಲವು ಕಡೆ ಸಾಲ ಕೊಟ್ಟವರು ಒಂದು ಆ್ಯಪ್ ಹಾಕಿರುತ್ತಾರೆ. ಇಎಂಐ ಕಟ್ಟದಿದ್ದರೆ ಅದು ಫೋನನ್ನು ನಿಲ್ಲಿಸಿಬಿಡುತ್ತದೆ. ಕಂತು ಬಾಕಿ ಇದ್ದು ವಿದೇಶಕ್ಕೆ ಹೊರಟವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೂರನೆಯದು ಸಿಮ್ ಲಾಕ್. ನಾವು ಮಾತಾಡುತ್ತಿರುವುದು ಇದರ ಬಗ್ಗೆ. ಇದು ಸಿಮ್‌ನಲ್ಲಿ ಇರುವುದಿಲ್ಲ, ಫೋನಿನಲ್ಲಿ ಇರುತ್ತದೆ. ಮೊಬೈಲ್ ಕಂಪನಿ ಕಡಿಮೆ ಬೆಲೆಗೆ ಅಥವಾ ಕಂತಿನಲ್ಲಿ ಫೋನ್ ಕೊಟ್ಟಾಗ, ಗ್ರಾಹಕ ಬೇರೆ ಕಂಪನಿಗೆ ಹೋಗದಿರಲಿ ಎಂದು ಹಾಕುವ ಬೀಗ. ಫೋನ್ ಆನ್ ಆದಾಗ ಸಿಮ್‌ನ ಮೊದಲ ಅಂಕಿಗಳನ್ನು ಓದುತ್ತದೆ. ತನ್ನ ಕಂಪನಿಯದಲ್ಲ ಎಂದಾದರೆ ಆ ಸಿಮ್ಮನ್ನು ಒಪ್ಪುವುದಿಲ್ಲ. ವೈಫೈ, ಕ್ಯಾಮೆರಾ ಎಲ್ಲ ನಡೆಯುತ್ತದೆ, ಕರೆ ಮತ್ತು ಮೊಬೈಲ್ ಡೇಟಾ ಮಾತ್ರ ಇಲ್ಲ.

ಭಾರತದಲ್ಲಿ ಈ ಪದ್ಧತಿ ಹೆಚ್ಚು ಬೇರುಬಿಡಲಿಲ್ಲ. ನಾವು ಫೋನನ್ನು ಒಂದು ಅಂಗಡಿಯಲ್ಲಿ, ಸಿಮ್ಮನ್ನು ಇನ್ನೊಂದು ಅಂಗಡಿಯಲ್ಲಿ ಕೊಂಡು ರೂಢಿಯಾದವರು. 2017ರಲ್ಲಿ ಬಂದ ಜಿಯೋಫೋನ್ ಜಿಯೋ ಸಿಮ್‌ಗೆ ಮಾತ್ರ ಕೆಲಸ ಮಾಡುತ್ತಿತ್ತು, ಆದರೆ ಅಂಥವು ಅಪವಾದ. ಅಮೆರಿಕದಲ್ಲಿ ಪರಿಸ್ಥಿತಿ ಉಲ್ಟಾ. ಅಲ್ಲಿ ಮೊಬೈಲ್ ಕಂಪನಿಯ ಅಂಗಡಿಯಲ್ಲೇ ಕಂತಿನ ಮೇಲೆ ಫೋನ್ ಕೊಳ್ಳುವುದು ವಾಡಿಕೆ. ಹೀಗಾಗಿ ಲಾಕ್ ಸಮಸ್ಯೆ ನಮ್ಮನ್ನು ಕಾಡುವುದು ಹೆಚ್ಚಾಗಿ ವಾಪಸ್ ಬರುವ ದಾರಿಯಲ್ಲಿ. ಮಗ ‘ನನ್ನ ಹಳೇ ಫೋನ್ ತಗೊಂಡು ಹೋಗಿ ಅಪ್ಪಾ’ ಎಂದು ಕೊಟ್ಟದ್ದು ಇಲ್ಲಿ ಬಂದಮೇಲೆ ನಮ್ಮ ಸಿಮ್ಮನ್ನು ಒಪ್ಪದೆ ಕೂರುತ್ತದೆ.

*#06# ಒತ್ತಿದರೆ ಲಾಕ್ ಬಗ್ಗೆ ತಿಳಿಯುತ್ತದೆಯೇ?

ಇಲ್ಲ. ಹಾಗೆ ಒತ್ತಿದರೆ ಕಾಣುವುದು ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ. ಅದು ಫೋನಿನ ಗುರುತು, ಗಾಡಿಗೆ ಚಾಸಿಸ್ ನಂಬರ್ ಇದ್ದ ಹಾಗೆ. ಲಾಕ್ ಇದೆಯೋ ಇಲ್ಲವೋ ಅದರಲ್ಲಿ ಬರೆದಿರುವುದಿಲ್ಲ. ಆದರೂ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಫೋನ್ ಕಳುವಾದರೆ ದೂರು ಕೊಡಲು ಬೇಕು.

ಲಾಕ್ ನೋಡುವ ಸರಿಯಾದ ದಾರಿ ಎರಡು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಜನರಲ್’, ಅದರೊಳಗೆ ‘ಅಬೌಟ್’ ತೆರೆದು ಕೆಳಗೆ ಬನ್ನಿ. ‘ಕ್ಯಾರಿಯರ್ ಲಾಕ್’ ಎಂಬಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಅನ್‌ಲಾಕ್ ಆಗಿದೆ ಎಂದರ್ಥ. ಆಂಡ್ರಾಯ್ಡ್ ಆದರೆ ಬೇರೆ ಕಂಪನಿಯ ಸಿಮ್ ಒಂದನ್ನು ಹಾಕಿ ನೋಡುವುದೇ ಸುಲಭ. ಮನೆಯಲ್ಲಿ ಒಬ್ಬರದು ಏರ್‌ಟೆಲ್, ಇನ್ನೊಬ್ಬರದು ಜಿಯೋ ಇದ್ದೇ ಇರುತ್ತದೆ. ಎರಡೂ ಸಿಮ್‌ನಲ್ಲಿ ಕರೆ ಹೋದರೆ ಲಾಕ್ ಇಲ್ಲ. ಈ ಪರೀಕ್ಷೆಯನ್ನು ವಿಮಾನ ನಿಲ್ದಾಣದಲ್ಲಿ ಅಲ್ಲ, ಹೊರಡುವ ವಾರ ಮೊದಲೇ ಮಾಡಿ.

ಅನ್‌ಲಾಕ್ ಮಾಡಿಸುವುದು ಕಾನೂನುಬಾಹಿರವೇ?

‘ಅನ್‌ಲಾಕ್ ಮಾಡಿಸಿದರೆ ಜೈಲು’ ಎಂಬ ಮಾತಿಗೆ ಹುರುಳಿಲ್ಲ. ಅಮೆರಿಕದಲ್ಲಿ ಕೆಲಕಾಲ ಈ ವಿಷಯ ಕಾನೂನಿನ ತಕರಾರಿಗೆ ಸಿಕ್ಕಿತ್ತು ನಿಜ. ಆದರೆ 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆಯಿಂದ ಗ್ರಾಹಕರು ತಮ್ಮ ಫೋನನ್ನು ಅನ್‌ಲಾಕ್ ಮಾಡಿಸಿಕೊಳ್ಳಲು ದಾರಿಯಾಯಿತು. ಕೆನಡಾದಲ್ಲಿ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಅನ್‌ಲಾಕ್ ಆಗಿಯೇ ಮಾರಬೇಕು. ಜಪಾನ್ 2021ರ ಅಕ್ಟೋಬರ್‌ನಿಂದ, ಬ್ರಿಟನ್ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿ ಮಾರುವುದನ್ನು ನಿಲ್ಲಿಸಿವೆ. ಅಮೆರಿಕದಲ್ಲಿ ಇಂದಿಗೂ ಲಾಕ್ ಮಾಡಿ ಮಾರುತ್ತಾರೆ.

ಅಲ್ಲಿಂದ ಫೋನ್ ತರುವುದಾದರೆ ಮೂರು ವಿಷಯ ಕೇಳಿ. ಕಂತು ಪೂರ್ತಿ ತೀರಿದೆಯೇ? ಕಂಪನಿ ಹೇಳಿದಷ್ಟು ದಿನ ಬಳಸಿ ಆಗಿದೆಯೇ? ಲಾಕ್ ತೆಗೆಯಲು ಕೋರಿಕೆ ಹಾಕಿ ಆಗಿದೆಯೇ? ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಅಲ್ಲಿದ್ದಾಗಲೇ ಇದನ್ನು ಮಾಡಿಸುವುದು ಸುಲಭ. ಫೋನ್ ಬೆಂಗಳೂರಿಗೆ ಬಂದಮೇಲೆ ಅಲ್ಲಿನ ಗ್ರಾಹಕ ಸೇವೆಯ ಬೆನ್ನು ಹತ್ತುವುದು ಕಷ್ಟ.

ಇಲ್ಲಿ ಕೆಲವರು ಸಿಮ್ ಕೆಳಗೆ ಇಡುವ ತೆಳುವಾದ ಚಿಪ್ ಮಾರುತ್ತಾರೆ. ಅದು ಲಾಕ್ ತೆಗೆಯುವುದಿಲ್ಲ, ‘ಇದು ನಿನ್ನ ಕಂಪನಿಯ ಸಿಮ್ಮೇ’ ಎಂದು ಫೋನಿಗೆ ಸುಳ್ಳು ಹೇಳುತ್ತದೆ, ಅಷ್ಟೇ. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಆ ಸುಳ್ಳು ನಡೆಯದೆ ಹೋಗಬಹುದು. ಐಎಂಇಐ ಕೇಳಿ, ಹಣ ಪಡೆದು ‘ಕೋಡ್ ಕಳಿಸುತ್ತೇವೆ’ ಎನ್ನುವ ಜಾಲತಾಣಗಳಿಂದಲೂ ದೂರವಿರಿ.

ಅನ್‌ಲಾಕ್ ಆಗಿದೆ, ಆದರೂ ಸಿಗ್ನಲ್ ಇಲ್ಲ. ಏಕೆ?

‘ಅನ್‌ಲಾಕ್ ಫೋನ್ ಎಲ್ಲೆಡೆ ನಡೆಯುತ್ತೆ’ ಎಂಬುದು ಅರ್ಧ ಸತ್ಯ. ಬೀಗ ತೆಗೆದಿದೆ ಎಂದ ಮಾತ್ರಕ್ಕೆ ಬಾಗಿಲು ತೆರೆದೇ ತೆರೆಯುತ್ತದೆ ಎಂದಲ್ಲ. ಅಡ್ಡ ಬರುವ ಕಾರಣಗಳು ಇವು.

ಸಿಮ್ ಹಾಕಲು ಜಾಗವೇ ಇಲ್ಲದಿರುವುದು: 2022ರ ಐಫೋನ್ 14ರಿಂದ ಶುರುವಾಗಿ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಟ್ರೇ ಇಲ್ಲ, ಇಸಿಮ್ ಮಾತ್ರ. 2025ರ ಐಫೋನ್ 17 ಸರಣಿಯಲ್ಲಿ ಯುಎಇ, ಸೌದಿ ಅರೇಬಿಯಾ, ಕತಾರ್, ಕುವೈತ್, ಓಮನ್, ಬಹ್ರೇನ್ ದೇಶಗಳಲ್ಲಿ ಮಾರುವುದೂ ಹೀಗೆಯೇ. ದುಬೈನಿಂದ ತರಿಸುವ ಮುನ್ನ ಇದು ಗೊತ್ತಿರಲಿ. ಭಾರತದಲ್ಲಿ ಏರ್‌ಟೆಲ್, ಜಿಯೋ, ವಿ ಮೂರೂ ಇಸಿಮ್ ಕೊಡುತ್ತವೆ, ಆದ್ದರಿಂದ ಬಳಸಬಹುದು. ಆದರೆ ಇರುವ ಕಾರ್ಡನ್ನು ನೇರವಾಗಿ ತೂರಿಸಲು ಆಗುವುದಿಲ್ಲ.

ತರಂಗಾಂತರ ಹೊಂದದಿರುವುದು: ಪ್ರತಿ ದೇಶದ ಕಂಪನಿಗಳು ಬೇರೆ ಬೇರೆ ಬ್ಯಾಂಡ್‌ಗಳಲ್ಲಿ ಸಿಗ್ನಲ್ ಬಿಡುತ್ತವೆ. ಭಾರತದ 4ಜಿ ಹೆಚ್ಚಾಗಿ 3, 5, 8, 40, 41ನೇ ಬ್ಯಾಂಡ್‌ಗಳಲ್ಲಿದೆ. ಅಮೆರಿಕದ ಟಿ-ಮೊಬೈಲ್ ಕಂಪನಿ ಹಳ್ಳಿಗಾಡನ್ನು ತಲುಪಲು 600 ಮೆಗಾಹರ್ಟ್ಸ್‌ನ 71ನೇ ಬ್ಯಾಂಡ್ ಬಳಸುತ್ತದೆ. ಇಲ್ಲಿಗೆಂದೇ ತಯಾರಾದ ಕಡಿಮೆ ಬೆಲೆಯ ಫೋನಿನಲ್ಲಿ ಅದು ಇರದಿರಬಹುದು. ಆಗ ಪೇಟೆಯಲ್ಲಿ ಸಿಗ್ನಲ್ ಸಿಕ್ಕರೂ ಊರಾಚೆ ಮಾಯವಾಗುತ್ತದೆ.

ಹಳೆಯ ನೆಟ್‌ವರ್ಕ್ ಮುಚ್ಚಿರುವುದು: ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ, ವೆರೈಜನ್ ಅದೇ ವರ್ಷದ ಕೊನೆಯಲ್ಲಿ 3ಜಿ ನಿಲ್ಲಿಸಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ ನಿಂತಿತು. ಅಂದರೆ ಅಲ್ಲಿ ಕರೆ ಹೋಗಬೇಕಾದರೆ ಫೋನಿನಲ್ಲಿ 4ಜಿ ಮೂಲಕ ಕರೆ ಮಾಡುವ ವೋಲ್ಟೆ ಸೌಲಭ್ಯ ಇರಬೇಕು, ಅದನ್ನು ಆ ಕಂಪನಿಯೂ ಒಪ್ಪಿರಬೇಕು. ಅಜ್ಜ ಬಳಸುವ ಬಟನ್ ಫೋನ್ ಅಲ್ಲಿ ಅಲಾರಾಂ ಗಡಿಯಾರ ಅಷ್ಟೇ.

ಸ್ಥಳೀಯ ನೋಂದಣಿ ಕೇಳುವುದು: ಟರ್ಕಿಯಲ್ಲಿ ಹೊರದೇಶದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ 120 ದಿನ ನಡೆಯುತ್ತದೆ, ಆಮೇಲೆ ಶುಲ್ಕ ಕಟ್ಟಿ ಐಎಂಇಐ ನೋಂದಾಯಿಸದಿದ್ದರೆ ನಿಲ್ಲುತ್ತದೆ. ಬಾಲಿಗೆ ಹೋಗುವವರು ಗಮನಿಸಿ, ಇಂಡೊನೇಷ್ಯಾದಲ್ಲೂ ಸ್ಥಳೀಯ ಸಿಮ್ ಬಳಸಲು ಐಎಂಇಐ ನೋಂದಣಿಯ ನಿಯಮವಿದೆ. ಸಿಮ್ ಕೊಳ್ಳುವಾಗಲೇ ‘ಪ್ರವಾಸಿಗರದು’ ಎಂದು ಹೇಳಿ ಮಾಡಿಸಿಕೊಳ್ಳಬೇಕು.

ಪ್ರದೇಶದ ಲಾಕ್: ಕೆಲವು ಸ್ಯಾಮ್‌ಸಂಗ್ ಫೋನುಗಳ ಪೆಟ್ಟಿಗೆಯ ಮೇಲೆ, ಮೊದಲು ಕೊಂಡ ಪ್ರದೇಶದ ಸಿಮ್ ಹಾಕಿ ಚಾಲೂ ಮಾಡಿ ಎಂಬ ಚೀಟಿ ಅಂಟಿಸಿರುತ್ತಾರೆ. ಪ್ರಯಾಣಕ್ಕೆಂದೇ ಹೊಸ ಫೋನ್ ಕೊಂಡಿದ್ದರೆ ಅದರ ಸೀಲ್ ಒಡೆಯದೆ ವಿಮಾನ ಹತ್ತಬೇಡಿ. ಇಲ್ಲಿನ ಸಿಮ್ ಹಾಕಿ ಐದಾರು ನಿಮಿಷ ಮಾತಾಡಿ, ಎರಡು ದಿನ ಬಳಸಿ ಹೊರಡಿ.

ಭಾರತದ ಸಿಮ್ ತೆಗೆದಿಟ್ಟರೆ ಏನಾಗುತ್ತದೆ?

ಈಗ ಮುಖ್ಯ ವಿಷಯಕ್ಕೆ ಬಂದೆವು. ಸಿಮ್ ತೆಗೆದ ಕ್ಷಣದಿಂದ ಮೂರು ತೊಂದರೆಗಳು ಶುರುವಾಗುತ್ತವೆ.

ಒಂದು, ಓಟಿಪಿ. ಬ್ಯಾಂಕ್ ಕಾರ್ಡ್ ಬಳಸಲು, ನೆಟ್‌ಬ್ಯಾಂಕಿಂಗ್‌ಗೆ, ಆಧಾರ್ ದೃಢೀಕರಣಕ್ಕೆ ಎಸ್ಸೆಮ್ಮೆಸ್ ಬರುವುದು ಆ ನಂಬರಿಗೆ. ಸಿಮ್ ಪರ್ಸಿನಲ್ಲಿದ್ದರೆ ಸಂದೇಶ ಬಂದು ಬೀಳಲು ಜಾಗವಿಲ್ಲ.

ಎರಡು, ಯುಪಿಐ. ನೋಂದಣಿ ಮಾಡುವಾಗ ಆ್ಯಪ್ ನಿಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ನಂಬರ್, ಫೋನ್ ಎರಡನ್ನೂ ಕಟ್ಟಿಹಾಕಿರುತ್ತದೆ. ಹಲವು ಆ್ಯಪ್‌ಗಳು ಆ ಸಿಮ್ ಫೋನಿನಲ್ಲೇ ಇದೆಯೇ ಎಂದು ಆಗಾಗ ನೋಡುತ್ತವೆ. ಇಲ್ಲವಾದರೆ ಮತ್ತೆ ನೋಂದಣಿ ಕೇಳುತ್ತವೆ. ವಿದೇಶದಲ್ಲಿ ಕೂತು ಆ ಎಸ್ಸೆಮ್ಮೆಸ್ ಕಳಿಸುವುದು ಕಷ್ಟ. ಅಲ್ಲೇ ನೆಲೆಸಿದವರಿಗೆ ಬೇರೆ ದಾರಿಯಿದೆ. 2023ರ ಜನವರಿಯಲ್ಲಿ ಎನ್‌ಪಿಸಿಐ ಅಮೆರಿಕ, ಬ್ರಿಟನ್, ಯುಎಇ, ಸೌದಿ, ಸಿಂಗಪುರ ಸೇರಿ 10 ದೇಶಗಳ ಮೊಬೈಲ್ ನಂಬರ್‌ಗಳಿಂದಲೂ ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು ಅವಕಾಶ ಕೊಟ್ಟಿತು. ಆದರೆ ಮೂರು ತಿಂಗಳಿಗೆ ಹೋಗಿಬರುವವರ ಸಾಮಾನ್ಯ ಉಳಿತಾಯ ಖಾತೆಗೆ ಇದು ಅನ್ವಯಿಸುವುದಿಲ್ಲ.

ಮೂರು, ನಂಬರೇ ಹೋಗಿಬಿಡುವುದು. ಇದು ಎಲ್ಲಕ್ಕಿಂತ ದೊಡ್ಡದು. 2013ರ ಮಾರ್ಚ್‌ನಿಂದ ಜಾರಿಯಲ್ಲಿರುವ ಟ್ರಾಯ್ ನಿಯಮದ ಪ್ರಕಾರ, ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೇ ಇದ್ದು, ಖಾತೆಯಲ್ಲಿ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ನಂಬರ್ ಕನಿಷ್ಠ 90 ದಿನಗಳ ನಂತರ ಇನ್ನೊಬ್ಬರ ಪಾಲಾಗಬಹುದು. ಆರು ತಿಂಗಳು ಮಗಳ ಮನೆಯಲ್ಲಿದ್ದು ವಾಪಸ್ ಬರುವಷ್ಟರಲ್ಲಿ ಈ ಎರಡೂ ಅವಧಿ ಮುಗಿದಿರಬಹುದು. ಪಿಂಚಣಿ ಖಾತೆ, ಗ್ಯಾಸ್ ಬುಕಿಂಗ್, ಆಧಾರ್ ಎಲ್ಲವೂ ಆ ನಂಬರಿಗೇ ಜೋಡಿಸಿರುವಾಗ ನಿಮ್ಮ ಓಟಿಪಿ ಬೇರೆ ಯಾರದೋ ಫೋನಿಗೆ ಬರುತ್ತದೆ ಎಂದರೆ ಯೋಚಿಸಿ.

ಪರಿಹಾರ ಸುಲಭ. ಹೊರಡುವ ಮುನ್ನ ಇಡೀ ಅವಧಿಗೆ ಸಾಲುವಷ್ಟು ಕರೆನ್ಸಿ ಹಾಕಿಸಿ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತಂದ ತಿದ್ದುಪಡಿಯಿಂದ, ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್‌ಗಳು ಸಿಗುತ್ತಿವೆ, ಅವಧಿ 365 ದಿನಗಳವರೆಗೂ ಇರಬಹುದು. ಡೇಟಾ ಬೇಡವಾದವರಿಗೆ ಇದು ಅಗ್ಗ. ಮಧ್ಯದಲ್ಲಿ ಮುಗಿದರೆ ಊರಲ್ಲಿರುವವರು ರೀಚಾರ್ಜ್ ಮಾಡಬಹುದು. ಪೋಸ್ಟ್‌ಪೇಯ್ಡ್ ಆದರೆ ಬಿಲ್ ಕಟ್ಟುವ ಜವಾಬ್ದಾರಿ ಯಾರದೆಂದು ಹೇಳಿ ಹೊರಡಿ.

ಇನ್ನೊಂದು ಚಿಕ್ಕ ವಿಷಯ. ಹಿರಿಯರ ಫೋನ್‌ಗಳಲ್ಲಿ ಎಷ್ಟೋ ನಂಬರ್‌ಗಳು ಸಿಮ್‌ನಲ್ಲೇ ಸೇವ್ ಆಗಿರುತ್ತವೆ. ಸಿಮ್ ತೆಗೆದರೆ ಅವೂ ಹೋಗುತ್ತವೆ. ಮೊದಲೇ ಫೋನಿಗೆ ನಕಲು ಮಾಡಿಡಿ.

ಸಿಮ್ ಬದಲಿಸಿದರೆ ವಾಟ್ಸಾಪ್ ಅಳಿಸಿಹೋಗುತ್ತದೆಯೇ?

ಅಳಿಸಿಹೋಗುವುದಿಲ್ಲ. ವಾಟ್ಸಾಪ್ ನಿಮ್ಮ ನಂಬರಿನ ಮೇಲೆ ನಿಂತಿದೆ. ಯಾವ ಸಿಮ್‌ನ ಡೇಟಾ ಎಂಬುದು ಅದಕ್ಕೆ ಮುಖ್ಯವಲ್ಲ. ವಿದೇಶದ ಸಿಮ್‌ನ ಡೇಟಾದಲ್ಲಿ ಭಾರತದ ನಂಬರಿನ ವಾಟ್ಸಾಪ್ ನಡೆಯುತ್ತದೆ. ಹೊಸ ಸಿಮ್ ಹಾಕಿದಾಗ ‘ನಂಬರ್ ಬದಲಿಸಬೇಕೆ’ ಎಂದು ಕೇಳಿದರೆ ಬೇಡ ಎನ್ನಿ. ಆ್ಯಪ್ ತೆಗೆದು ಮತ್ತೆ ಹಾಕುವ ಸಾಹಸ ಬೇಡ, ಹಾಗೆ ಮಾಡಿದರೆ ಭಾರತದ ನಂಬರಿಗೆ ಕೋಡ್ ಬರಬೇಕು.

ಆದರೆ ನಿಯಮ ಬಿಗಿಯಾಗುತ್ತಿದೆ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆ, ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪ್‌ಗಳು ನೋಂದಾಯಿಸಿದ ಸಿಮ್ ಫೋನಿನಲ್ಲಿ ಇದ್ದಾಗ ಮಾತ್ರ ನಡೆಯುವಂತೆ ಮಾಡಬೇಕೆಂದು ನಿರ್ದೇಶನ ಕೊಟ್ಟಿತು. ಸೈಬರ್ ವಂಚನೆ ತಡೆಯುವುದು ಉದ್ದೇಶ. ಸಿಮ್ ಫೋನಿನಲ್ಲೇ ಇದ್ದು ರೋಮಿಂಗ್‌ನಲ್ಲಿರುವವರಿಗೆ ತೊಂದರೆಯಿಲ್ಲ ಎಂದೂ ಇಲಾಖೆ ಹೇಳಿತ್ತು. ಭಾರತದ ಸಿಮ್ ಫೋನಿನಲ್ಲೇ ಇರಲಿ ಎನ್ನಲು ಇದೂ ಒಂದು ಕಾರಣ.

ಕೊಲ್ಲಿಗೆ ಹೋಗುವವರು ಇನ್ನೊಂದು ತಿಳಿದಿರಬೇಕು. ಯುಎಇಯಲ್ಲಿ ವಾಟ್ಸಾಪ್ ಸಂದೇಶ, ಫೋಟೋ ಹೋಗುತ್ತವೆ, ಆದರೆ ಧ್ವನಿ ಮತ್ತು ವಿಡಿಯೋ ಕರೆಗೆ ನಿರ್ಬಂಧವಿದೆ. ಕರೆ ಹೋಗದಿದ್ದರೆ ದೋಷ ಫೋನಿನದೂ ಅಲ್ಲ, ಸಿಮ್‌ನದೂ ಅಲ್ಲ.

ಹಾಗಾದರೆ ಬಿಲ್ ಭಯ?

ಬಿಲ್ ಭಯ ಸುಳ್ಳಲ್ಲ. ರೋಮಿಂಗ್ ಪ್ಯಾಕ್ ಇಲ್ಲದೆ ವಿದೇಶದಲ್ಲಿ ಭಾರತದ ಸಿಮ್‌ನ ಡೇಟಾ ಬಳಸಿದರೆ ದರ ಬಹಳ ಹೆಚ್ಚು. ಫೋನ್ ಜೇಬಿನಲ್ಲಿದ್ದರೂ ಆ್ಯಪ್‌ಗಳು ತಮ್ಮಷ್ಟಕ್ಕೆ ಅಪ್‌ಡೇಟ್ ಆಗುತ್ತಿರುತ್ತವೆ. ಆದರೆ ಇದಕ್ಕೆ ಸಿಮ್ ತೆಗೆಯಬೇಕಿಲ್ಲ, ಒಂದೆರಡು ಸ್ವಿಚ್ ಒತ್ತಿದರೆ ಸಾಕು.

ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಿಮ್‌ನ ‘ಡೇಟಾ ರೋಮಿಂಗ್’ ಆಫ್ ಮಾಡಿ. ಮೊಬೈಲ್ ಡೇಟಾಗೆ ಎರಡನೇ ಸಿಮ್ಮನ್ನು ಆರಿಸಿ. ಒಂದು ಸಿಮ್‌ನ ಡೇಟಾ ಸಿಗದಾಗ ತಾನಾಗಿಯೇ ಇನ್ನೊಂದಕ್ಕೆ ಜಿಗಿಯುವ ಆಯ್ಕೆ ಕೆಲವು ಫೋನುಗಳಲ್ಲಿರುತ್ತದೆ, ಅದನ್ನೂ ಆಫ್ ಮಾಡಿ. ಭಾರತದ ನಂಬರಿಗೆ ಬಂದ ಕರೆಯನ್ನು ಎತ್ತಬೇಡಿ, ರೋಮಿಂಗ್‌ನಲ್ಲಿ ಒಳಬರುವ ಕರೆಗೂ ದುಡ್ಡು ಹೋಗುತ್ತದೆ. ಯಾರೆಂದು ನೋಡಿ ವಾಟ್ಸಾಪಿನಲ್ಲಿ ವಾಪಸ್ ಮಾಡಿ.

ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಆದರೆ ಅದು ಬರಬೇಕಾದರೆ ನಿಮ್ಮ ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಆಗಿರಬೇಕು. ಕಂಪನಿಯ ಆ್ಯಪ್‌ನಲ್ಲಿ ನೋಡಿ ಅಥವಾ ಗ್ರಾಹಕ ಸೇವೆಗೆ ಕರೆಮಾಡಿ ಊರಲ್ಲಿರುವಾಗಲೇ ಮಾಡಿಸಿಕೊಳ್ಳಿ. ನಿಮ್ಮ ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಉಚಿತವೇ ಎಂದು ಆಗಲೇ ಕೇಳಿ.

ಎರಡನೇ ಸಿಮ್ ಯಾವುದು?

ಮೂರ್ನಾಲ್ಕು ದಿನದ ಪ್ರವಾಸವಾದರೆ ನಿಮ್ಮದೇ ಕಂಪನಿಯ ರೋಮಿಂಗ್ ಪ್ಯಾಕ್ ತಲೆನೋವಿಲ್ಲದ್ದು. ಹೆಚ್ಚು ದಿನವಾದರೆ ಆ ದೇಶದ ಸಿಮ್ ಅಗ್ಗ. ಕೊಳ್ಳಲು ಪಾಸ್‌ಪೋರ್ಟ್ ಬೇಕಾಗುತ್ತದೆ. ಸೌದಿಯಲ್ಲಿ ಬೆರಳಚ್ಚೂ ಕೊಡಬೇಕು. ಯುರೋಪಿನ ಎಷ್ಟೋ ಸಿಮ್‌ಗಳಿಗೆ ಪಿನ್ ಇರುತ್ತದೆ, ಸಿಮ್ ಬಿಡಿಸಿಕೊಂಡ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅದು ಮುದ್ರಿತವಾಗಿರುತ್ತದೆ, ಎಸೆಯಬೇಡಿ. ಮೂರು ಸಲ ತಪ್ಪು ಪಿನ್ ಒತ್ತಿದರೆ ಪಿಯುಕೆ ಕೋಡ್ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಆ ಸಿಮ್ ಕಥೆ ಮುಗಿಯಿತು.

ಯುರೋಪ್ ಪ್ರವಾಸಿಗರಿಗೆ ಒಂದು ಎಚ್ಚರಿಕೆ. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲೂ ಹೆಚ್ಚುವರಿ ಶುಲ್ಕವಿಲ್ಲದೆ ನಡೆಯುತ್ತದೆ. ಪ್ಯಾರಿಸ್‌ನಲ್ಲಿ ಕೊಂಡದ್ದು ರೋಮ್‌ನಲ್ಲೂ ಸರಿ. ಆದರೆ ಸ್ವಿಟ್ಜರ್‌ಲೆಂಡ್ ಒಕ್ಕೂಟದಲ್ಲಿ ಇಲ್ಲ, ಬ್ರಿಟನ್ ಹೊರಬಂದಿದೆ. ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಸ್ವಿಸ್ ಹಿಮಬೆಟ್ಟ ಇಲ್ಲದೆ ಇರುವುದೇ ಕಡಿಮೆ. ಆದ್ದರಿಂದ ಕೊಳ್ಳುವ ಮುನ್ನ ‘ಸ್ವಿಟ್ಜರ್‌ಲೆಂಡ್ ಸೇರಿದೆಯೇ’ ಎಂದು ಕೇಳಿ.

ಪ್ರವಾಸಿ ಇಸಿಮ್‌ಗಳು ಬಹುತೇಕ ಡೇಟಾ ಮಾತ್ರ ಕೊಡುತ್ತವೆ, ಫೋನ್ ನಂಬರ್ ಇರುವುದಿಲ್ಲ. ವಾಟ್ಸಾಪ್, ನಕ್ಷೆಗೆ ಅಷ್ಟು ಸಾಕು. ಭಾರತದಲ್ಲಿ ವಿದೇಶಿ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೊ, ಹೊಲಾಫ್ಲೈ ಆ್ಯಪ್‌ಗಳನ್ನು ಇಲ್ಲಿನ ಆ್ಯಪ್ ಅಂಗಡಿಗಳಿಂದ ತೆಗೆಸಲಾಗಿತ್ತು. ಹಾಗಾಗಿ ಹೆಸರು ಕೇಳದ ಜಾಲತಾಣಕ್ಕೆ ಕಾರ್ಡ್ ವಿವರ ಕೊಡುವ ಮುನ್ನ ಯೋಚಿಸಿ.

ಫೋನಿನಲ್ಲಿ ಎರಡನೇ ಸಿಮ್ ಜಾಗದಲ್ಲಿ ಮೆಮೊರಿ ಕಾರ್ಡ್ ಕೂತಿದ್ದರೆ ಅದನ್ನು ಮೊದಲೇ ತೆರವು ಮಾಡಿ. ಒಂದೇ ಸಿಮ್ ಹಿಡಿಯುವ ಫೋನ್ ಆದರೆ ಭಾರತದ ಸಿಮ್, ಬ್ಯಾಂಕ್ ಆ್ಯಪ್, ವಾಟ್ಸಾಪ್ ಎಲ್ಲ ಅದರಲ್ಲೇ ಇರಲಿ. ಅಲ್ಲಿನ ಸಿಮ್ಮನ್ನು ಇನ್ನೊಂದು ಹಳೆಯ ಫೋನಿಗೆ ಹಾಕಿ ಹಾಟ್‌ಸ್ಪಾಟ್ ಕೊಡಿ.

‘ಇಸಿಮ್ ಮಾಡಿಕೊಡ್ತೀವಿ’ ಎಂಬ ಕರೆ

ಜಾಗ ಖಾಲಿ ಮಾಡಿಕೊಳ್ಳಲು ಭಾರತದ ಸಿಮ್ಮನ್ನೇ ಇಸಿಮ್‌ಗೆ ಬದಲಿಸುವುದು ಒಳ್ಳೆಯ ಉಪಾಯ. ಕಳೆದುಹೋಗುವ ಭಯವಿಲ್ಲ. ಆದರೆ ಫೋನ್ ಕೆಟ್ಟರೆ ಇನ್ನೊಂದಕ್ಕೆ ತಕ್ಷಣ ಹಾಕಲು ಆಗುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ಸಿಮ್ ಬದಲಾದ ನಂತರ 24 ಗಂಟೆ ಎಸ್ಸೆಮ್ಮೆಸ್ ಸೇವೆ ನಿಲ್ಲಿಸಬೇಕೆಂದು 2022ರಿಂದ ನಿಯಮವಿದೆ. ಹೊರಡುವ ದಿನ ಈ ಕೆಲಸಕ್ಕೆ ಕೈಹಾಕಿದರೆ ಟಿಕೆಟ್ ಕೊಳ್ಳಲೂ ಓಟಿಪಿ ಬರುವುದಿಲ್ಲ. ವಾರ ಮೊದಲೇ ಮಾಡಿಸಿ.

ಅದನ್ನೂ ಕಂಪನಿಯ ಅಂಗಡಿಯಲ್ಲಿ ಅಥವಾ ಅದರದೇ ಆ್ಯಪ್‌ನಲ್ಲಿ ನೀವೇ ಮಾಡಿ. ‘ಕಸ್ಟಮರ್ ಕೇರ್‌ನಿಂದ’ ಎಂದು ಕರೆಮಾಡಿ, ಲಿಂಕ್ ಒತ್ತಿಸಿ ಅಥವಾ ಬಂದ ಕೋಡ್ ಕೇಳಿ, ನಿಮ್ಮ ನಂಬರನ್ನು ತಮ್ಮ ಫೋನಿನ ಇಸಿಮ್‌ಗೆ ಹಾರಿಸಿಕೊಳ್ಳುವ ಕಳ್ಳರಿದ್ದಾರೆ. ನಂಬರ್ ಹೋದರೆ ಓಟಿಪಿ ಅವರದು, ಹಣವೂ ಅವರದು. ಕಾರಣವಿಲ್ಲದೆ ಭಾರತದ ಸಿಮ್‌ನ ಸಿಗ್ನಲ್ ಪೂರ್ತಿ ಹೋಗಿ ಹಲವು ಗಂಟೆ ಬಾರದಿದ್ದರೆ ತಡಮಾಡದೆ ಕಂಪನಿಗೂ ಬ್ಯಾಂಕಿಗೂ ತಿಳಿಸಿ. ಹಣ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ಮನೆಯವರಿಂದ ಕರೆಮಾಡಿಸಿ. ಫೋನ್ ಕಳುವಾದರೆ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ ಕೊಟ್ಟು ಅದನ್ನು ಭಾರತದ ನೆಟ್‌ವರ್ಕ್‌ಗಳಲ್ಲಿ ತಡೆಹಿಡಿಸಬಹುದು.

ಹೊರಡುವ ವಾರ ಮಾಡಬೇಕಾದ್ದು

1. ಬೇರೆ ಕಂಪನಿಯ ಸಿಮ್ ಹಾಕಿ ಫೋನ್ ಅನ್‌ಲಾಕ್ ಆಗಿದೆಯೇ ನೋಡಿ.
2. ಹೋಗುವ ದೇಶದ ಬ್ಯಾಂಡ್, ವೋಲ್ಟೆ ನಿಮ್ಮ ಮಾಡೆಲ್‌ನಲ್ಲಿದೆಯೇ ಎಂದು ಅಲ್ಲಿರುವವರನ್ನು ಅಥವಾ ಅಲ್ಲಿನ ಕಂಪನಿಯನ್ನು ಕೇಳಿ.
3. ಭಾರತದ ನಂಬರಿಗೆ ವಾಪಸ್ ಬರುವ ದಿನದ ಆಚೆಗೂ ಸಾಲುವಷ್ಟು ಕರೆನ್ಸಿ ಹಾಕಿಸಿ.
4. ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ‘ಡೇಟಾ ರೋಮಿಂಗ್’ ಆಫ್ ಮಾಡಿ. ಇವೆರಡೂ ಬೇರೆ ಬೇರೆ.
5. ಸಿಮ್‌ನಲ್ಲಿರುವ ನಂಬರ್‌ಗಳನ್ನು ಫೋನಿಗೆ ನಕಲಿಸಿ. ಐಎಂಇಐ ಬರೆದಿಡಿ.
6. ಸಿಮ್ ಟ್ರೇ ತೆಗೆಯುವ ಪಿನ್ ಕೈಚೀಲದಲ್ಲಿರಲಿ.
7. ಇಸಿಮ್‌ಗೆ ಬದಲಿಸುವುದಿದ್ದರೆ ಈಗಲೇ ಬದಲಿಸಿ.

ಅಪ್ಪ-ಅಮ್ಮನನ್ನು ಕಳಿಸಿಕೊಡುವವರು ಇವನ್ನು ಹೇಳಿ ಬಿಡಬೇಡಿ, ಕೂತು ಮಾಡಿಕೊಡಿ. ‘ಸಿಮ್ ತೆಗೆದಿಡಿ’ ಎಂಬ ಫಾರ್ವರ್ಡ್ ಮತ್ತೆ ಬಂದರೆ ಉತ್ತರ ಒಂದೇ ಸಾಲಿನದು: ಸಿಮ್ ಅಲ್ಲೇ ಇರಲಿ, ಡೇಟಾ ರೋಮಿಂಗ್ ಆಫ್ ಮಾಡಿ, ಕರೆನ್ಸಿ ಹಾಕಿಸೋದು ಮರೀಬೇಡಿ.